ಮೊದಲು ತಂಬೂರಿ, ಆಮೇಲೆ ದ್ರುತ: ಹಳೆಯ ಎಲ್‌ಪಿಗಳ ಕುರಿತು ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಹಳೆಯ ಧ್ವನಿಮುದ್ರಿಕೆಗಳ, ಅಂದರೆ ಎಲ್‌ಪಿ ಎಂಬ ದೀರ್ಘಾವಧಿಯ ಗ್ರಾಮಫೋನ್ ತಟ್ಟೆಗಳ ಕುರಿತು ನಾಲ್ಕು ಮಾತು ಬರೆದಿದ್ದೆ. ಅದನ್ನು ಓದಿ ಮುಂಬಯಿ, ಪುಣೆ ಮತ್ತು ಗೋವೆಯ ಓದುಗರು ಬರೆದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಮೂಲತಃ ಧಾರವಾಡದವನು, ಮೂವತ್ತೈದು ವರ್ಷಗಳಿಂದ ಡೊಂಬಿವಲಿಯಲ್ಲಿ ನೆಲೆಸಿದ್ದೇನೆ. ಬ್ಯಾಂಕಿನ ನೌಕರಿಯಿಂದ ನಿವೃತ್ತನಾದ ಮೇಲೆ ಹಳೆಯ ಪ್ಲೇಯರೊಂದನ್ನು ರಿಪೇರಿ ಮಾಡಿಸಿಕೊಂಡು ಹಿಂದುಸ್ತಾನಿ ಸಂಗೀತದ ಎಲ್‌ಪಿಗಳನ್ನು ಕೊಳ್ಳತೊಡಗಿದ್ದೇನೆ. ಹೊಸದಾಗಿ ಒತ್ತಿದ ರೆಕಾರ್ಡುಗಳ ಬೆಲೆ ಪಿಂಚಣಿದಾರನ ಕೈಗೆ ಎಟುಕುವುದಿಲ್ಲ. ಹಳೆಯವನ್ನು ಕೊಂಡರೆ, ಕನ್ನಡಿಯಂತೆ ಹೊಳೆಯುವ ತಟ್ಟೆಯೂ ಮನೆಗೆ ತಂದು ಹಾಕಿದಾಗ ಕೊನೆಯ ಭಾಗದಲ್ಲಿ ಒಡಕಲು ಸ್ವರ ಹೊರಡಿಸುತ್ತದೆ. ಕಡಿಮೆ ಬೆಲೆಯಲ್ಲಿ ಒಳ್ಳೆಯ ನಾದದ ರೆಕಾರ್ಡನ್ನು ಗುರುತಿಸುವುದು ಹೇಗೆ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮೊದಲಿಗೆ ಒಂದು ಸಮಾಧಾನದ ಸಂಗತಿಯನ್ನು ಹೇಳುತ್ತೇನೆ. ಹಳೆಯ ರೆಕಾರ್ಡುಗಳ ಮಾರುಕಟ್ಟೆಯಲ್ಲಿ ಬೆಲೆಗೂ ನಾದಕ್ಕೂ ನಂಟು ಬಹಳ ತೆಳುವಾದದ್ದು. ಹಿಂದಿ ಚಿತ್ರಗೀತೆಗಳ ರೆಕಾರ್ಡು ಸಾವಿರಾರು ರೂಪಾಯಿಗೆ ಹೋಗುವುದಕ್ಕೆ ಹೊದಿಕೆಯ ಮೇಲಿನ ನಟನ ಚಿತ್ರ, ಸಂಗ್ರಾಹಕರ ಪೈಪೋಟಿ, ಸಿಗುವುದು ಅಪರೂಪವೆಂಬ ಮಾತು ಇವೆಲ್ಲ ಕಾರಣ. ಅದೇ ರಾಶಿಯ ಅಡಿಯಲ್ಲಿ ಬಿದ್ದಿರುವ, ಹಿಂದುಸ್ತಾನಿ ಗಾಯನದ ಮುಖ್ಯ ಪ್ರಕಾರವಾದ ಖಯಾಲಿನ ಎಲ್‌ಪಿಯನ್ನು ಕೇಳುವವರೇ ಕಡಿಮೆ, ಆದ್ದರಿಂದ ಕೆಲವೇ ನೂರು ರೂಪಾಯಿಗೆ ಅದು ಸಿಕ್ಕೀತು. ಮೇಲಾಗಿ ಚಿತ್ರಗೀತೆಗಳ ರೆಕಾರ್ಡು ಮದುವೆ, ಹುಟ್ಟುಹಬ್ಬ, ಗಣೇಶೋತ್ಸವದ ಮಂಟಪ ಎಂದು ಕೈಯಿಂದ ಕೈಗೆ ಹೋಗಿ ಸವೆದಿರುತ್ತದೆ, ಶಾಸ್ತ್ರೀಯ ಸಂಗೀತದ್ದು ಬಹುತೇಕ ಒಬ್ಬನೇ ರಸಿಕನ ಕಪಾಟಿನಲ್ಲಿ ಜೋಪಾನವಾಗಿ ಉಳಿದಿರುತ್ತದೆ.

ಇನ್ನು ನೀವು ಕೇಳಿದ ಮುಖ್ಯ ಮಾತಿಗೆ ಬರೋಣ. ಹೊಳೆಯುವ ತಟ್ಟೆ ಕೊನೆಯಲ್ಲಿ ಏಕೆ ಒಡೆದು ಹಾಡುತ್ತದೆ? ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಹೊರ ಅಂಚಿನಲ್ಲಿದ್ದರೂ ಲೇಬಲ್ಲಿನ ಬಳಿ ಇದ್ದರೂ ಸುತ್ತಿನ ಲೆಕ್ಕ ಅಷ್ಟೇ. ಆದರೆ ಹೊರಗಿನ ಸುತ್ತು ದೊಡ್ಡದು, ಒಳಗಿನ ಸುತ್ತು ಚಿಕ್ಕದು. ಹೀಗಾಗಿ ಆರಂಭದಲ್ಲಿ ಮುಳ್ಳಿನ ಕೆಳಗೆ ನಾದವನ್ನು ಕೊರೆದ ಗೆರೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಹಾದುಹೋದರೆ, ಕೊನೆಯಲ್ಲಿ ಹಾದುಹೋಗುವುದು ಸುಮಾರು 20 ಸೆಂಟಿಮೀಟರ್ ಮಾತ್ರ. ಅಷ್ಟೇ ನಾದವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕೊರೆದಿರುವುದರಿಂದ ಅಲ್ಲಿಯ ತಿರುವುಗಳು ಬಲು ಇಕ್ಕಟ್ಟಾಗಿರುತ್ತವೆ. ಮೊಂಡಾದ, ಭಾರವಾದ ಮುಳ್ಳು ಆ ತಿರುವುಗಳನ್ನು ಅನುಸರಿಸಲಾರದೆ ಗೆರೆಯ ಗೋಡೆಗಳನ್ನು ಉಜ್ಜಿ ಹಾಳುಮಾಡುತ್ತದೆ. ಈ ಸವೆತ ಬರಿಗಣ್ಣಿಗೆ ಸುಲಭವಾಗಿ ಕಾಣುವಂಥದ್ದಲ್ಲ.

ಈಗ ನಮ್ಮ ಸಂಗೀತದ ನಡೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಖಯಾಲು ಆರಂಭವಾಗುವುದು ತಂಬೂರಿಯ ಮೆಲುನಾದದಲ್ಲಿ, ನಿಧಾನ ಲಯದ ವಿಲಂಬಿತದ ಮಂದ್ರಸ್ವರಗಳಲ್ಲಿ. ಮುಗಿಯುವುದು ವೇಗದ ಲಯದ ದ್ರುತದಲ್ಲಿ, ತಾನುಗಳೆಂಬ ಬಿರುಸಿನ ಸ್ವರಮಾಲೆಗಳಲ್ಲಿ, ತಾರಸಪ್ತಕದಲ್ಲಿ, ತಬಲೆಯ ಏರುದನಿಯಲ್ಲಿ. ಅಂದರೆ ರಾಗದ ಅತ್ಯಂತ ಸೌಮ್ಯವಾದ ಭಾಗ ತಟ್ಟೆಯ ಅತ್ಯಂತ ವಿಶಾಲವಾದ ಜಾಗದಲ್ಲೂ, ಅತ್ಯಂತ ರಭಸದ ಭಾಗ ಅತ್ಯಂತ ಇಕ್ಕಟ್ಟಾದ ಜಾಗದಲ್ಲೂ ಬಂದು ಕೂರುತ್ತವೆ. ಆದ್ದರಿಂದ ಅಂಗಡಿಯಲ್ಲಿ ಪ್ಲೇಯರ್ ಇದ್ದರೆ ಎರಡೇ ಜಾಗದಲ್ಲಿ ಕೇಳಿಸಿರೆಂದು ವಿನಂತಿಸಿ. ಮೊದಲ ಅರ್ಧ ನಿಮಿಷ ತಂಬೂರಿಯನ್ನು ಕೇಳಿ: ಗೀರುಗಳ ಚಟಪಟ ಸದ್ದು, ತಟ್ಟೆಯ ಮೈಯ ಹಿಸ್ ಸದ್ದು ಎಷ್ಟಿದ್ದರೂ ಅಲ್ಲಿ ಮರೆಯಾಗಲಾರದು. ಆಮೇಲೆ ಮುಳ್ಳನ್ನು ಕೊನೆಯ ಎರಡು ಸೆಂಟಿಮೀಟರಿಗೆ ಸರಿಸಿ ದ್ರುತವನ್ನು ಕೇಳಿ: ‘ಆ’ಕಾರದ ತಾನಿನಲ್ಲಿ ಗಾಯಕನ ಕಂಠ ಸ್ವಚ್ಛವಾಗಿ ನಿಂತರೆ ಆ ರೆಕಾರ್ಡನ್ನು ಧೈರ್ಯವಾಗಿ ಕೊಳ್ಳಬಹುದು. ಕಂಠದ ಅಂಚಿನಲ್ಲಿ ಮರಳು ಉಜ್ಜಿದಂಥ ಸದ್ದು ಬಂದರೆ, ಬೆಲೆ ಐವತ್ತೇ ರೂಪಾಯಿ ಇದ್ದರೂ ಅದು ನಷ್ಟದ ವ್ಯಾಪಾರ. ನಡುವಿನ ಹದಿನೈದು ನಿಮಿಷವನ್ನು ಕೇಳಿ ಮಾರುವವರ ಸಮಯ ಕಳೆಯಬೇಕಾಗಿಲ್ಲ. ಕೊಳೆಯಿಂದ ಬರುವ ಚಟಪಟ ತೊಳೆದರೆ ಹೋಗುತ್ತದೆ, ಸವೆತದಿಂದ ಬರುವ ಒಡಕು ಯಾವ ಉಪಾಯಕ್ಕೂ ಬಗ್ಗುವುದಿಲ್ಲ ಎಂಬ ವ್ಯತ್ಯಾಸವನ್ನು ಮಾತ್ರ ಮರೆಯಬೇಡಿ.

ನಾನು ಇದನ್ನು ಕಲಿತದ್ದು ಕಳೆದುಕೊಂಡ ಮೇಲೆ. ಉಸ್ತಾದ್ ಅಮೀರ್ ಖಾನರು ಒಂದು ಬದಿಗೆ ಮಾರ್ವಾ, ಇನ್ನೊಂದು ಬದಿಗೆ ದರ್ಬಾರಿ ಹಾಡಿದ ಎಲ್‌ಪಿ ರಸಿಕರಿಗೆಲ್ಲ ಗೊತ್ತಿರುವಂಥದ್ದು. ಅದರ ಪ್ರತಿಯೊಂದು ಕೈಗೆ ಬಂದಾಗ ಹೊದಿಕೆಯ ಅಂದ, ತಟ್ಟೆಯ ಹೊಳಪು ಕಂಡು ಕೇಳಿ ನೋಡದೆ ಹಣ ಕೊಟ್ಟುಬಿಟ್ಟೆ. ಮನೆಯಲ್ಲಿ ಮಾರ್ವಾದ ವಿಲಂಬಿತ ಕೇಳುತ್ತ ಕಣ್ಣು ಮುಚ್ಚಿ ಕುಳಿತವನಿಗೆ, ದ್ರುತಕ್ಕೆ ಬರುವಷ್ಟರಲ್ಲಿ ಆ ಗಂಭೀರವಾದ ಕಂಠ ಹರಿದ ಬಟ್ಟೆಯಂತಾದದ್ದನ್ನು ಕೇಳಿ ತಡೆಯಲಾಗಲಿಲ್ಲ. ಆ ದಿನ ಆದ ಸಂಕಟ ಹಣ ಹೋದದ್ದಕ್ಕಲ್ಲ, ಅಂಥ ಗಾಯನವನ್ನು ಆ ಸ್ಥಿತಿಯಲ್ಲಿ ಕೇಳಬೇಕಾಯಿತಲ್ಲ ಎಂಬುದಕ್ಕೆ.

ಕಾಲುದಾರಿಯ ವ್ಯಾಪಾರದಲ್ಲಿ ಪ್ಲೇಯರ್ ಇರುವುದಿಲ್ಲ. ಮುಂಬಯಿಯ ಫೋರ್ಟಿನ ಪಾದಚಾರಿ ದಾರಿಯಲ್ಲಾಗಲಿ, ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಾಗಲಿ, ಪುಣೆಯಲ್ಲಿ ಬುಧವಾರ ಮತ್ತು ಭಾನುವಾರ ಸೇರುವ ಜುನಾ ಬಜಾರಿನಲ್ಲಾಗಲಿ ಕಣ್ಣನ್ನೇ ನಂಬಬೇಕಾಗುತ್ತದೆ. ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಹೊರಭಾಗದ ಕಪ್ಪನ್ನೂ ಒಳಭಾಗದ ಕಪ್ಪನ್ನೂ ಹೋಲಿಸಿ ನೋಡಿ. ಒಳಭಾಗ ಬೂದಿ ಬಣ್ಣಕ್ಕೆ ತಿರುಗಿದ್ದರೆ ಅದು ಮುಳ್ಳಿನ ಪೆಟ್ಟು ತಿಂದದ್ದು. ಆಮೇಲೆ ಲೇಬಲ್ಲಿನ ನಡುವಿನ ತೂತಿನ ಸುತ್ತ ನೋಡಿ. ಪ್ಲೇಯರಿನ ಕಡ್ಡಿಗೆ ತೂತನ್ನು ಹೊಂದಿಸುವಾಗ ಪ್ರತಿ ಸಲವೂ ಕಾಗದದ ಮೇಲೆ ಕೂದಲೆಳೆಯಂಥ ಗುರುತು ಬೀಳುತ್ತದೆ, ಆ ಗುರುತುಗಳು ಜೇಡರ ಬಲೆಯಂತೆ ಹಬ್ಬಿದ್ದರೆ ರೆಕಾರ್ಡು ನೂರಾರು ಸಲ ತಿರುಗಿದೆ ಎಂದರ್ಥ. ಮೈ ಹೊಳೆಯುವಂತೆ ಎಣ್ಣೆಬಟ್ಟೆಯಿಂದ ಒರೆಸಿಡಬಹುದು, ಲೇಬಲ್ಲಿನ ಈ ಗುರುತನ್ನು ಮಾತ್ರ ಯಾರೂ ಅಳಿಸಲಾರರು. ಕೊನೆಗೆ ತಟ್ಟೆಯನ್ನು ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿದು ಬಾಗಿದೆಯೋ ಎಂದು ನೋಡಿಕೊಳ್ಳಿ, ಏಕೆಂದರೆ ಬಿಸಿಲಿನಲ್ಲಿ ರಾಶಿ ಹಾಕಿದ ವಿನೈಲ್ ಪ್ಲಾಸ್ಟಿಕ್ಕಿನ ತಟ್ಟೆ ಬೇಗ ಡೊಂಕಾಗುತ್ತದೆ.

ಏನನ್ನು ಕೊಳ್ಳಬೇಕೆಂದು ನೀವು ಕೇಳಲಿಲ್ಲ, ಆದರೆ ಧಾರವಾಡದವರಿಗೆ ಹೇಳದೆ ಇರಲಾರೆ. ಗದಗಿನಿಂದ ಬಂದು ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರು, ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು, ಬೆಳಗಾವಿಯ ಬಳಿಯ ಸುಳೇಭಾವಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಕಲಿತು ದೇವಾಸಿನಲ್ಲಿ ಬಾಳಿದ ಕುಮಾರ ಗಂಧರ್ವರು — ಈ ನಾಲ್ವರ ಎಲ್‌ಪಿಗಳು ಮಹಾರಾಷ್ಟ್ರದ ಮನೆಗಳಲ್ಲಿ ಹೇರಳವಾಗಿದ್ದವು. ಹಿರಿಯರು ತೀರಿಕೊಂಡು ಮನೆ ಖಾಲಿ ಮಾಡುವಾಗ ಅವು ಹೊರಗೆ ಬರುತ್ತವೆ. ಭೀಮಸೇನರ ರೆಕಾರ್ಡುಗಳು ಹೆಚ್ಚು ಒತ್ತಲ್ಪಟ್ಟವಾದ್ದರಿಂದ ಮೊದಲು ಸಿಕ್ಕಿದ ಪ್ರತಿಗೇ ಮನಸೋಲಬೇಕಾಗಿಲ್ಲ, ಇನ್ನೊಂದು ಬಂದೇ ಬರುತ್ತದೆ. ಮನ್ಸೂರರ ಅಪರೂಪದ ರಾಗಗಳ ರೆಕಾರ್ಡು ಕಂಡರೆ, ಮೈಮೇಲೆ ಒಂದೆರಡು ಗೀರು ಇದ್ದರೂ ನಾನು ಬಿಟ್ಟು ಬರುವವನಲ್ಲ.

ಒಂದು ಎಚ್ಚರಿಕೆ: ಉಸ್ತಾದ್ ಅಬ್ದುಲ್ ಕರೀಂ ಖಾನರ ಎಲ್‌ಪಿಯಲ್ಲಿ ಕೇಳುವ ಸರಸರ ಸದ್ದಿಗೆ ಆ ಪ್ರತಿಯನ್ನು ದೂಷಿಸಬೇಡಿ. ಅವರು ತೀರಿಕೊಂಡದ್ದು 1937ರಲ್ಲಿ, ಎಲ್‌ಪಿ ಬಂದದ್ದು 1948ರಲ್ಲಿ. ಅವರ ಎಲ್‌ಪಿಗಳೆಲ್ಲ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳಿಂದ ಮರುಮುದ್ರಿಸಿದವು, ಸದ್ದು ಅಲ್ಲಿಂದಲೇ ಬಂದದ್ದು. ಬಾಲಕ ಭೀಮಸೇನರನ್ನು ಗುರುವನ್ನರಸಿ ಮನೆಬಿಟ್ಟು ಹೋಗುವಂತೆ ಮಾಡಿದ್ದೂ ಆ ಮೂರು ನಿಮಿಷದ ತಟ್ಟೆಯೇ. ಅದನ್ನು ಸದ್ದಿನ ಸಮೇತ ಕೇಳಬೇಕು.

ಪ್ರಶ್ನೆ: ಎಚ್‌ಎಂವಿ ಕಂಪನಿಯ ಎಲ್‌ಪಿಗಳ ಲೇಬಲ್ಲಿನ ಮೇಲೆ ಇಸಿಎಲ್‌ಪಿ, ಇಸಿಎಸ್‌ಡಿ ಎಂದೆಲ್ಲ ಇರುತ್ತದೆ. ಇವುಗಳಿಂದ ಏನಾದರೂ ತಿಳಿಯುತ್ತದೆಯೇ?
— ಓದುಗರು, ಗೋರೆಗಾಂವ್

ಉತ್ತರ: ಅಗತ್ಯವಾಗಿ ತಿಳಿಯುತ್ತದೆ. ಇಎಎಲ್‌ಪಿ ಮತ್ತು ಇಸಿಎಲ್‌ಪಿ ಎಂದಿದ್ದರೆ ಮೋನೊ, ಅಂದರೆ ಒಂದೇ ದಿಕ್ಕಿನ ಧ್ವನಿ. ಇಎಎಸ್‌ಡಿ ಮತ್ತು ಇಸಿಎಸ್‌ಡಿ ಎಂದಿದ್ದರೆ ಸ್ಟೀರಿಯೊ, ಅಂದರೆ ಎರಡು ದಿಕ್ಕಿನ ಧ್ವನಿ. ಮೋನೊ ಎಂದರೆ ಕೀಳು ಎಂಬ ಭಾವನೆ ಅನೇಕರಲ್ಲಿದೆ, ಆದರೆ ಒಬ್ಬ ಗಾಯಕ, ತಂಬೂರಿ, ತಬಲೆ ಮತ್ತು ಹಾರ್ಮೋನಿಯಂ ಇಷ್ಟೇ ಇರುವ ಕಛೇರಿಗೆ ಎರಡು ದಿಕ್ಕಿನ ಧ್ವನಿ ಅನಿವಾರ್ಯವಲ್ಲ. 1960ರ ದಶಕದ ದಪ್ಪ ತಟ್ಟೆಯ ಮೋನೊ ಗಾಯನಗಳಲ್ಲಿ ಕಂಠಕ್ಕೆ ಒಂದು ಮೈಕಟ್ಟು ಇರುತ್ತದೆ, ನನ್ನ ಕಿವಿಗೆ ಅದೇ ಹೆಚ್ಚು ಪ್ರಿಯ. ಕೃತಕವಾಗಿ ಸ್ಟೀರಿಯೊ ಮಾಡಿದ ಹಳೆಯ ಮೋನೊ ರೆಕಾರ್ಡಿಂಗ್ ಸಿಕ್ಕಿದರೆ ಮಾತ್ರ ಬಿಟ್ಟುಬಿಡಿ, ಕಂಠ ಗುಹೆಯೊಳಗಿನಿಂದ ಬಂದಂತೆ ಕೇಳಿಸುತ್ತದೆ. ವಾದ್ಯಗಳ ಜೊತೆಗೂಡುವಿಕೆಯಲ್ಲಿ ಸ್ಟೀರಿಯೊದ ಬೆಲೆ ನಿಜಕ್ಕೂ ತಿಳಿಯುತ್ತದೆ. 1967ರ ‘ಕಾಲ್ ಆಫ್ ದಿ ವ್ಯಾಲಿ’ಯಲ್ಲಿ ಶಿವಕುಮಾರ ಶರ್ಮರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು, ಬ್ರಿಜಭೂಷಣ ಕಾಬ್ರಾ ಅವರ ಗಿಟಾರುಗಳನ್ನು ಬಿಡಿಬಿಡಿಯಾಗಿ ಕೇಳುವ ಸುಖಕ್ಕೆ ಸ್ಟೀರಿಯೊ ಪ್ರತಿಯೇ ಬೇಕು, ಬಹಳ ಮಾರಾಟವಾದ ರೆಕಾರ್ಡಾದ್ದರಿಂದ ಅದು ಈಗಲೂ ಕೈಗೆ ಸಿಗುತ್ತದೆ.

ಪ್ರಶ್ನೆ: ಮಾಟುಂಗಾದ ನಮ್ಮ ಮನೆಯಲ್ಲಿ ಮಾವನವರ ಕಾಲದ ನಲವತ್ತೈವತ್ತು ರೆಕಾರ್ಡುಗಳಿವೆ. ಎಂ. ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತ, ದೊರೆಸ್ವಾಮಿ ಅಯ್ಯಂಗಾರರ ವೀಣೆ, ಜೊತೆಗೆ ಕೆಲವು ದಪ್ಪನೆಯ ಹಳೆಯ ತಟ್ಟೆಗಳೂ ಇವೆ. ಪ್ರತಿ ಮಳೆಗಾಲದಲ್ಲೂ ಬಿಳಿಯ ಬೂಷ್ಟು ಹಿಡಿಯುತ್ತದೆ. ತೊಳೆಯಬಹುದೇ? ಯಾವುದರಿಂದ?
— ಗೃಹಿಣಿಯೊಬ್ಬರು, ಮಾಟುಂಗಾ

ಉತ್ತರ: ತೊಳೆಯಬಹುದು, ತೊಳೆಯಲೇಬೇಕು. ಆದರೆ ಮೊದಲು ತಟ್ಟೆಗಳನ್ನು ಎರಡು ಗುಂಪಾಗಿ ವಿಂಗಡಿಸಿ. ಬಾಗಿಸಿದರೆ ತುಸು ಬಳುಕುವುದು ವಿನೈಲ್. ಕಲ್ಲಿನಂತೆ ಗಡುಸಾಗಿ, ಭಾರವಾಗಿ, ಬೀಳಿಸಿದರೆ ಒಡೆಯುವಂಥ 78 ಸುತ್ತಿನ ತಟ್ಟೆ ಅರಗಿನಿಂದ ಮಾಡಿದ್ದು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಇದನ್ನು ತಿಳಿಯದೆ ನಾನು ಚಿಕ್ಕಂದಿನಲ್ಲಿ ತಂದೆಯವರ ತಟ್ಟೆಯೊಂದನ್ನು ಸ್ಪಿರಿಟ್ಟಿನಿಂದ ಒರೆಸಿದಾಗ ಬಟ್ಟೆಗೆ ಕಪ್ಪು ಬಣ್ಣ ಬಂತು, ಹಾಡು ಆ ಬಣ್ಣದೊಂದಿಗೇ ಹೋಯಿತು. ಅರಗಿನ ತಟ್ಟೆಗೆ ಡಿಸ್ಟಿಲ್ಡ್ ನೀರು, ಅದರಲ್ಲಿ ಪಾತ್ರೆ ತೊಳೆಯುವ ಸೌಮ್ಯವಾದ ದ್ರವದ ಒಂದೆರಡು ಹನಿ, ಇಷ್ಟೇ ಸಾಕು. ಲೇಬಲ್ಲನ್ನು ನೆನೆಸಬಾರದು, ತಟ್ಟೆಯನ್ನು ನೀರಿನಲ್ಲಿ ಮುಳುಗಿಸಿಡಲೂಬಾರದು.

ವಿನೈಲಿಗೆ ಅದೇ ನೀರಿನಲ್ಲಿ ಹತ್ತನೆಯ ಒಂದು ಪಾಲಿನಷ್ಟು ಐಸೊಪ್ರೊಪೈಲ್ ಆಲ್ಕೋಹಾಲ್ ಸೇರಿಸಿದರೆ ಬೂಷ್ಟೂ ಬೆರಳಿನ ಜಿಡ್ಡೂ ಚೆನ್ನಾಗಿ ಬಿಡುತ್ತವೆ. ಮೆತ್ತನೆಯ ಬಟ್ಟೆಯನ್ನು ಗೆರೆಗಳ ದಿಕ್ಕಿನಲ್ಲಿಯೇ ಸುತ್ತಲೂ ಆಡಿಸಿ, ಅಡ್ಡಲಾಗಿ ಉಜ್ಜಬೇಡಿ. ಬಳಿಕ ಬರಿಯ ಡಿಸ್ಟಿಲ್ಡ್ ನೀರಿನಿಂದ ಇನ್ನೊಮ್ಮೆ ತೊಳೆಯುವುದನ್ನು ಮರೆಯದಿರಿ, ಬಿಟ್ಟರೆ ಸಾಬೂನಿನ ಶೇಷ ಗೆರೆಗಳಲ್ಲಿ ಉಳಿದು ಹೊಸ ಸದ್ದನ್ನು ಹುಟ್ಟಿಸುತ್ತದೆ. ತಟ್ಟೆ ಒಣಗಿಸಲು ಅಡುಗೆಮನೆಯ ಪ್ಲೇಟ್ ಸ್ಟ್ಯಾಂಡಿಗಿಂತ ಉತ್ತಮವಾದ ಸಾಧನವನ್ನು ನಾನು ಕಂಡಿಲ್ಲ. ನೆರಳಿನಲ್ಲಿ ಒಣಗಿಸಿ, ಬಿಸಿಲಿಗೆ ಇಡಬೇಡಿ.

ತೊಳೆದದ್ದನ್ನು ಹಳೆಯ ಒಳಚೀಲಕ್ಕೇ ಹಾಕಿದರೆ ಶ್ರಮವೆಲ್ಲ ವ್ಯರ್ಥ, ಏಕೆಂದರೆ ಬೂಷ್ಟಿನ ಬೀಜ ಆ ಕಾಗದದಲ್ಲೇ ಇರುತ್ತದೆ. ಹೊಸ ಒಳಚೀಲಗಳನ್ನು ಕೊಳ್ಳಿ. ಹೊದಿಕೆಯ ಮೇಲೆ ಅಂಟುವಂಥ ದಪ್ಪ ಪ್ಲಾಸ್ಟಿಕ್ ಕವರು ಇದ್ದರೆ ತೆಗೆದುಬಿಡಿ, ವರ್ಷಗಳು ಕಳೆದಂತೆ ಅದು ಬೆವರಿ ಒಳಗಿನ ತಟ್ಟೆಗೂ ಮಂಕು ಕವಿಸುತ್ತದೆ. ರೆಕಾರ್ಡುಗಳನ್ನು ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಬಚ್ಚಲಿನ ಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ವಾರಕ್ಕೊಮ್ಮೆ ಕಪಾಟಿನ ಬಾಗಿಲು ತೆರೆದು ಫ್ಯಾನಿನ ಗಾಳಿ ಆಡಿಸಿದರೆ, ಬೂಷ್ಟಿಗೆ ಅದಕ್ಕಿಂತ ದೊಡ್ಡ ಔಷಧಿ ಇಲ್ಲ.

ಆ ದಪ್ಪ ತಟ್ಟೆಗಳನ್ನು ಎಲ್‌ಪಿಯ ಮುಳ್ಳಿನಿಂದ ನುಡಿಸಬೇಡಿ. ಅವುಗಳ ಗೆರೆ ಸುಮಾರು ಮೂರು ಪಟ್ಟು ಅಗಲ, ಅದಕ್ಕೆ ಬೇರೆಯೇ ಮುಳ್ಳು ಬೇಕು. ಲೇಬಲ್ಲುಗಳನ್ನೂ ಒಮ್ಮೆ ಓದಿ ನೋಡಿ. ಗಂಗೂಬಾಯಿ ಹಾನಗಲ್ಲರ ಆರಂಭದ ತಟ್ಟೆಗಳು ಹೊರಬಂದದ್ದು ‘ಗಾಂಧಾರಿ’ ಎಂಬ ಹೆಸರಿನಲ್ಲಿ, ಅಂಥದ್ದೊಂದು ನಿಮ್ಮ ರಾಶಿಯಲ್ಲಿದ್ದರೆ ಅದು ಒಡೆಯದಂತೆ ಮೊದಲು ಬೇರೆ ಇಡಿ. ಇನ್ನು 1963ರ ಸುಪ್ರಭಾತದ ವಿಚಾರ: ನಮ್ಮವರ ಮನೆಗಳಲ್ಲಿ ಪ್ರತಿ ಮುಂಜಾನೆ ತಿರುಗಿದ ರೆಕಾರ್ಡು ಅದು. ಎಷ್ಟು ತೊಳೆದರೂ ಸವೆತದ ಸದ್ದು ಉಳಿದರೆ ಬೇಸರ ಪಡಬೇಡಿ. ಕೇಳುವುದಕ್ಕೆ ಬೇರೊಂದು ಪ್ರತಿ ಅಗ್ಗವಾಗಿಯೇ ಸಿಗುತ್ತದೆ, ಮಾವನವರ ಪ್ರತಿಯನ್ನು ಅವರ ನೆನಪಿಗೆ ಇಟ್ಟುಕೊಳ್ಳಿ.

ಪ್ರಶ್ನೆ: ಪುಣೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಸೂಟ್‌ಕೇಸಿನಂಥ ಪುಟ್ಟ ಪ್ಲೇಯರ್ ಕೊಂಡಿದ್ದೇನೆ. ಅದು ರೆಕಾರ್ಡುಗಳನ್ನು ಹಾಳುಮಾಡುತ್ತದೆ ಎಂದು ಸ್ನೇಹಿತರು ಹೆದರಿಸುತ್ತಾರೆ. ನಿಜವೇ?
— ವಿದ್ಯಾರ್ಥಿ, ಕೋಥರೂಡ್

ಉತ್ತರ: ಒಂದು ಸಲ ನುಡಿಸಿದ ಮಾತ್ರಕ್ಕೆ ಹಾಳಾಗುವುದಿಲ್ಲ, ವರ್ಷಗಟ್ಟಲೆ ಅದರಲ್ಲೇ ನುಡಿಸಿದರೆ ಸವೆತ ಬೇಗ ಬರುತ್ತದೆ. ಇಂಥ ಪ್ಲೇಯರುಗಳ ಸೆರಾಮಿಕ್ ಕಾರ್ಟ್ರಿಜ್ (ಮುಳ್ಳನ್ನು ಹಿಡಿದಿರುವ ಭಾಗ) ಸಾಮಾನ್ಯವಾಗಿ ಐದು ಗ್ರಾಂ ಅಥವಾ ಅದಕ್ಕೂ ಹೆಚ್ಚು ಭಾರ ಹಾಕಿ ಗೆರೆಯನ್ನು ಒತ್ತುತ್ತದೆ. ಒಳ್ಳೆಯ ಮ್ಯಾಗ್ನೆಟಿಕ್ ಕಾರ್ಟ್ರಿಜ್ಜಿಗೆ ಎರಡು ಗ್ರಾಂ ಆಸುಪಾಸಿನ ಭಾರ ಸಾಕು. ಮೊದಲ ಉತ್ತರದಲ್ಲಿ ಹೇಳಿದ ದ್ರುತದ ಒಡಕಿಗೆ ಹಿಂದಿನ ಮಾಲೀಕರ ಭಾರವಾದ ಮುಳ್ಳೇ ಬಹುಪಾಲು ಕಾರಣ. ನಿಮ್ಮ ಬಳಿ ಒಂದಿಷ್ಟು ಹಣವಿದ್ದರೆ ಹೊಸ ರೆಕಾರ್ಡುಗಳನ್ನು ಆರು ತಿಂಗಳು ಮುಂದೂಡಿ, ಭಾರವನ್ನು ಹೊಂದಿಸಬಲ್ಲ ತೋಳಿರುವ ಸೆಕೆಂಡ್‌ಹ್ಯಾಂಡ್ ಪ್ಲೇಯರನ್ನು ಹುಡುಕಿ. ಬೆಲ್ಟು ಸಡಿಲವಾಗಿದ್ದರೆ ಅಂಜಬೇಡಿ. ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಿರುವ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಗೆ ಒಮ್ಮೆ ಹೋಗಿಬಂದರೆ ಬೆಲ್ಟಿನ ತಾಪತ್ರಯ ತೀರುತ್ತದೆ. ಮ್ಯಾಗ್ನೆಟಿಕ್ ಕಾರ್ಟ್ರಿಜ್ಜಿಗೆ ಅದರ ಕ್ಷೀಣ ಧ್ವನಿಯನ್ನು ಮೊದಲು ಬಲಪಡಿಸುವ ಫೋನೊ ಪ್ರೀಆಂಪ್ ಬೇಕೇ ಬೇಕು, ಅದಿಲ್ಲದೆ ನೇರವಾಗಿ ಆಂಪ್ಲಿಫೈಯರಿಗೆ ಜೋಡಿಸಿದರೆ ಧ್ವನಿ ಕ್ಷೀಣವಾಗಿ, ಮಂದ್ರವೇ ಇಲ್ಲದಂತೆ ಕೇಳಿಸುತ್ತದೆ.

ವಜ್ರದ ಸಾಧಾರಣ ಮುಳ್ಳು ಸುಮಾರು 500 ಗಂಟೆ ಬಾಳುತ್ತದೆ. ಒಂದು ಎಲ್‌ಪಿಯ ಎರಡೂ ಬದಿ ಸೇರಿ ನಲವತ್ತು ನಿಮಿಷವೆಂದು ಹಿಡಿದರೆ, ದಿನಕ್ಕೊಂದು ಕೇಳುವವರು ಎರಡು ವರ್ಷಕ್ಕೊಮ್ಮೆ ಮುಳ್ಳನ್ನು ಬದಲಿಸಬೇಕು. ಹಳೆಯ ಪ್ಲೇಯರ್ ಕೊಂಡಾಗ ಅದರೊಂದಿಗೆ ಬಂದ ಮುಳ್ಳನ್ನು ಎಷ್ಟು ಚೆನ್ನಾಗಿ ಕಂಡರೂ ನಂಬಬೇಡಿ, ಅದು ಎಷ್ಟು ಗಂಟೆ ದುಡಿದಿದೆ ಎಂದು ಹೇಳುವವರು ಯಾರೂ ಇರುವುದಿಲ್ಲ.

ಪ್ರಶ್ನೆ: ಮಡಗಾಂವಿನಲ್ಲಿ ನಮ್ಮ ನೆರೆಯವರು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ರೆಕಾರ್ಡುಗಳನ್ನು ಕಡಿಮೆ ಬೆಲೆಗೆ ಕೊಡುತ್ತೇವೆ ಎನ್ನುತ್ತಿದ್ದಾರೆ. ಕೆಲವು ಭಾರತದಲ್ಲೇ ಒತ್ತಿದವು, ಕೆಲವು ರಷ್ಯನ್ ಲಿಪಿಯವು. ನನಗೆ ಈ ಸಂಗೀತ ಹೊಸದು. ಯಾವುದನ್ನು ತೆಗೆದುಕೊಳ್ಳಲಿ?
— ಓದುಗರು, ಮಡಗಾಂವ್

ಉತ್ತರ: ರಷ್ಯನ್ ಲಿಪಿಯವನ್ನು ಮೊದಲು ತೆಗೆದುಕೊಳ್ಳಿ. ಅವು ಸೋವಿಯತ್ ಒಕ್ಕೂಟದ ಮೆಲೋಡಿಯಾ ಸಂಸ್ಥೆಯವು ಇರಬೇಕು. ಡೇವಿಡ್ ಒಯಿಸ್ಟ್ರಾಖರ ಪಿಟೀಲು, ಸ್ವ್ಯಾತೊಸ್ಲಾವ್ ರಿಕ್ಟರರ ಪಿಯಾನೊ ಆ ರೆಕಾರ್ಡುಗಳಲ್ಲಿವೆ, ಲಿಪಿ ಓದಲಾಗದ ಒಂದೇ ಕಾರಣಕ್ಕೆ ಅವು ಅಗ್ಗವಾಗಿ ಉಳಿದಿವೆ. ಲೇಬಲ್ಲಿನ ಮೇಲೆ 5289 ಎಂಬ ಸಂಖ್ಯೆಯನ್ನು ಹುಡುಕಿ. ಅದು ಅಲ್ಲಿಯ ಸರ್ಕಾರಿ ಗುಣಮಾನದ ಸಂಖ್ಯೆ, ಅದರ ಮುಂದೆ 61, 68, 73 ಅಥವಾ 80 ಎಂದಿರುವುದು ಆ ಗುಣಮಾನ ಬಂದ ವರ್ಷ. 73 ಎಂದಿದ್ದರೆ ಆ ಪ್ರತಿ 1973ಕ್ಕಿಂತ ಮುಂಚೆ ಒತ್ತಿದ್ದಲ್ಲವೆಂದು ಗೊತ್ತಾಗುತ್ತದೆ.

ಈ ಸಂಗೀತದಲ್ಲಿ ಪರೀಕ್ಷೆಯ ಕ್ರಮವೂ ಬೇರೆ. ತಂಬೂರಿಯಿಲ್ಲದ್ದರಿಂದ ವಾದ್ಯಗಳ ನಡುವಿನ ಮೌನವೇ ತಟ್ಟೆಯ ಸದ್ದನ್ನು ಹೊರಗೆಡಹುತ್ತದೆ. ಪಿಯಾನೊ ಎಲ್ಲಕ್ಕಿಂತ ಕಠಿಣ ಪರೀಕ್ಷಕ: ತಟ್ಟೆಯ ತೂತು ಕೂದಲೆಳೆಯಷ್ಟು ನಡುವನ್ನು ತಪ್ಪಿದ್ದರೂ ಪಿಯಾನೊದ ದೀರ್ಘ ಸ್ವರ ತೂಗಾಡುತ್ತದೆ, ಪಿಟೀಲಿನ ಗಮಕದಲ್ಲಿ ಅದು ಅಷ್ಟಾಗಿ ತಿಳಿಯುವುದಿಲ್ಲ. ನುಡಿಯುತ್ತಿರುವಾಗ ಮುಳ್ಳಿನ ತೋಳನ್ನೇ ನೋಡಿ, ಅದು ಪ್ರತಿ ಸುತ್ತಿಗೂ ಎಡಬಲಕ್ಕೆ ಸರಿದಾಡುತ್ತಿದ್ದರೆ ಪಿಯಾನೊದ ಆ ಪ್ರತಿಯನ್ನು ಬಿಡಿ. ದೊಡ್ಡ ವಾದ್ಯವೃಂದದ ಸಿಂಫನಿಗಳು ಕೊನೆಯ ಭಾಗದಲ್ಲಿಯೇ ಅಬ್ಬರಿಸುವುದರಿಂದ ಸವೆದ ಪ್ರತಿಯಲ್ಲಿ ಅವುಗಳ ಪಾಡೂ ನಮ್ಮ ದ್ರುತದ ಪಾಡೇ. ಹೊಸಬರಾದ ನೀವು ಒಂಟಿ ಪಿಟೀಲಿನಿಂದ, ನಾಲ್ಕು ತಂತಿವಾದ್ಯಗಳ ಕ್ವಾರ್ಟೆಟ್ಟಿನಿಂದ ಆರಂಭಿಸಿ. ಒಂಟಿ ಪಿಟೀಲಿಗೆಂದು ಬಾಖ್ ಬರೆದ ಆರು ಕೃತಿಗಳಲ್ಲಿ ಯಾವುದಾದರೂ ಆ ರಾಶಿಯಲ್ಲಿದ್ದರೆ ಮೊದಲು ಅದನ್ನೇ ಮನೆಗೆ ತನ್ನಿ. ಆಲಾಪಕ್ಕೆ ಒಗ್ಗಿದ ಕಿವಿಗೆ ಅದು ಅಪರಿಚಿತವೆನಿಸುವುದಿಲ್ಲ.